ಆರು ಜನರ ನಡಿಗೆ

ಆ ಬಾಗಿಲು ನನ್ನನ್ನು ಕಂಡು ಕೆಂಪಾದದ್ದು ಬೆಳಿಗ್ಗೆ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ. ಆಗ ನನ್ನ ಹತ್ತಿರ ಇದ್ದದ್ದು ಒಂದು ಕನ್ನಡಕ, ಒಂದು ಕರವಸ್ತ್ರ ಮತ್ತು ಎಂದಿನಂತೆ ಮೂಗಿನ ತುದಿಯಲ್ಲಿ ಕೋಪ. ಇವು ಯಾವುವೂ ಆಯುಧಗಳ ಪಟ್ಟಿಯಲ್ಲಿಲ್ಲ. ಕೋಪವನ್ನು ಸೇರಿಸಬೇಕು ಎಂದು ಆಫೀಸಿನಲ್ಲಿ ಕೆಲವರು ಹೇಳುತ್ತಾರೆ, ಆ ಮಾತು ಬೇರೆ.

ಬಾಗಿಲು ಎಂದು ಕರೆಯುತ್ತಿದ್ದೆವೇ ಹೊರತು ಅದು ಹನ್ನೆರಡು ಹೆಜ್ಜೆ ಉದ್ದದ ಓಣಿ. ಎರಡೂ ಗೋಡೆಗೆ ಕ್ಯಾಮೆರಾ, ನೆಲಕ್ಕೆ ಹೆಜ್ಜೆಯ ಭಾರ ಅಳೆಯುವ ಕಪ್ಪು ಹಾಸು, ಕೊನೆಯಲ್ಲಿ ತಲೆಯ ಮೇಲೊಂದು ದೀಪ. ಬಟ್ಟೆಯೊಳಗೆ ಪಿಸ್ತೂಲು ಬಚ್ಚಿಟ್ಟುಕೊಂಡವನು ಎಷ್ಟೇ ನಾಟಕ ಆಡಿದರೂ ಅವನ ನಡಿಗೆ ಒಂದು ಚೂರು ಬದಲಾಗುತ್ತದೆ, ಯಂತ್ರ ಆ ಒಂದು ಚೂರನ್ನು ಹಿಡಿಯುತ್ತದೆ, ಆಗ ದೀಪ ಕೆಂಪಾಗುತ್ತದೆ ಎಂಬುದು ಇದನ್ನು ತಯಾರಿಸಿದ ಕಂಪನಿಯ ಮಾತು. ಆ ಮಾತು ನಿಜವೋ ಸುಳ್ಳೋ ನೋಡುವುದು ನಮ್ಮ ಕೆಲಸ. ದೇಶದೊಳಗಿನ ಭದ್ರತೆಗೆಂದು ಸರ್ಕಾರ ಕೊಳ್ಳಲು ಹೊರಡುವ ಪ್ರತಿ ಹೊಸ ಯಂತ್ರವೂ ಮೊದಲು ನಮ್ಮ ಪರೀಕ್ಷಾ ವಿಭಾಗಕ್ಕೆ ಬರುತ್ತದೆ. ಅದಕ್ಕೆ ಸಹಿ ಹಾಕುವ ಅಧಿಕಾರಿ ನಾನು.

ಅವತ್ತು ಹನ್ನೊಂದು ಗಂಟೆಗೆ ಇಲಾಖೆಯ ಕಾರ್ಯದರ್ಶಿ ಬಂದು ಕಣ್ಣಾರೆ ನೋಡುವುದು, ನಾನು ಅವರೆದುರು ಸಹಿ ಹಾಕುವುದು, ಸೋಮವಾರ ಬಾಗಿಲು ಬಂದರಿಗೆ ಹೋಗುವುದು ಎಂದು ನಿಗದಿಯಾಗಿತ್ತು. ಬಂದರಿನಲ್ಲಿ ಹಡಗು ಹತ್ತುವ ಗಂಡಸರನ್ನು ಮೈ ತಡವಿ ತಪಾಸಣೆ ಮಾಡುವವರಲ್ಲಿ ನನ್ನ ತಮ್ಮನೂ ಒಬ್ಬ. ಎರಡು ವರ್ಷದ ಕೆಳಗೆ ಅವನು ಒಬ್ಬ ಪ್ರಯಾಣಿಕನ ಕೋಟಿನೊಳಗೆ ಕೈ ಹಾಕಿದಾಗ, ಆ ಮನುಷ್ಯ ಇನ್ನೊಂದು ಜೇಬಿನಿಂದ ಚಾಕು ತೆಗೆದು ಇವನ ಪಕ್ಕೆಗೆ ಇರಿದಿದ್ದ. ಗಾಯ ಮಾಗಿತು. ಅವನು ಕೆಲಸಕ್ಕೂ ಹೋದ. ಆದರೆ ಕೆಲಸಕ್ಕೆ ಹೊರಡುವ ಮುಂಚೆ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ವಾಂತಿ ಮಾಡುತ್ತಾನೆ ಎಂದು ಅವನ ಹೆಂಡತಿ ನನಗೆ ಒಂದು ದಿನ ಹೇಳಿದಳು. ನಲ್ಲಿಯ ಸದ್ದಿಗೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಅವನು ತಿಳಿದಿದ್ದನಂತೆ. ಅದನ್ನು ಕೇಳಿದ ಮೇಲೆ ಈ ಬಾಗಿಲು ಗೆಲ್ಲಲಿ ಎಂದು ನಾನು ಆಸೆಪಟ್ಟೆ. ಪರೀಕ್ಷೆ ಮಾಡುವವರು ಆಸೆಪಡಬಾರದು, ಆದರೂ ಪಟ್ಟೆ. ಹಿಂದಿನ ವಾರ ಅವನಿಗೆ ಫೋನು ಮಾಡಿ, ಬಾಗಿಲು ಪಾಸಾಯ್ತು ಕಣೋ, ಇನ್ನು ಮೇಲೆ ನೀನು ದೀಪ ಕೆಂಪಾದವರನ್ನು ಮಾತ್ರ, ಅದೂ ಇಬ್ಬರು ಬಂದೂಕುಧಾರಿಗಳ ನಡುವೆ ನಿಲ್ಲಿಸಿಕೊಂಡು ನೋಡಿದರೆ ಸಾಕು ಎಂದೂ ಹೇಳಿಬಿಟ್ಟಿದ್ದೆ.

ಪಾಸಾಗಿದ್ದು ನಿಜವೇ. ಮೂರು ತಿಂಗಳಲ್ಲಿ ಇನ್ನೂರ ನಲವತ್ತು ಬಾರಿ ನಡೆಸಿದ್ದೆವು, ಇನ್ನೂರ ಮೂವತ್ತೆಂಟು ಸರಿ.

ಅಂಥ ಬಾಗಿಲು ಈಗ ಬರಿಗೈಯಲ್ಲಿ ಹೊರಟ ನನ್ನನ್ನು ಹಿಡಿದು ನಿಲ್ಲಿಸಿತ್ತು. ಓಣಿಯ ಆಚೆ ಮೇಜಿನ ಮೇಲೆ ಮರೆತಿದ್ದ ಕಡತ ತರಲು ಹೊರಟವಳು ನಾನು. ಏನೋ ಎಡವಟ್ಟು ಎಂದುಕೊಂಡು ಹಿಂದೆ ಬಂದು ಮತ್ತೆ ನಡೆದೆ. ಕೆಂಪು. ಕೋಟು ತೆಗೆದು ನಡೆದೆ. ಕೆಂಪು. ಚಪ್ಪಲಿ ಬಿಟ್ಟೆ, ಕರವಸ್ತ್ರ ತೆಗೆದಿಟ್ಟೆ, ಕೊನೆಗೆ ಕನ್ನಡಕವನ್ನೂ ತೆಗೆದಿಟ್ಟು ಕಣ್ಣು ಕಿರಿದು ಮಾಡಿಕೊಂಡು ನಡೆದೆ. ಮಂಜುಮಂಜಾಗಿ ಕಂಡರೂ ಕೆಂಪು ಕೆಂಪೇ. ನೆಲ ಒರೆಸುವ ಹೆಂಗಸು ಅಷ್ಟರಲ್ಲಿ ಬಕೆಟ್ಟು, ಕೋಲು, ಸೊಂಟಕ್ಕೆ ಸಿಕ್ಕಿಸಿದ ಡಬ್ಬಿ ಎಲ್ಲದರ ಸಮೇತ ನನ್ನ ಹಿಂದೆಯೇ ಬಂದಳು. ಅವಳಿಗೆ ಹಸಿರು.

"ನಿಮ್ಮ ಮೇಲೇ ಅದಕ್ಕೆ ಅನುಮಾನ, ಅಮ್ಮಾವ್ರೆ," ಎಂದು ನಕ್ಕಳು.

ನನಗೆ ನಗು ಬರಲಿಲ್ಲ.

ಒಂಬತ್ತಕ್ಕೆ ಸರಿಯಾಗಿ ಉಗ್ರಾಣದವರು ಬಂದರು. ಇವರೊಬ್ಬರೇ ನಮ್ಮ ಬೊಂಬೆಗಳ ಕಾವಲಿನವರು. ಬೊಂಬೆ ಎಂದರೆ ಪರೀಕ್ಷೆಗೆಂದೇ ಮಾಡಿಸಿದ ಸೀಸದ ಪಿಸ್ತೂಲು. ಆಕಾರ, ತೂಕ ಎಲ್ಲ ನಿಜದ್ದರಂತೆಯೇ, ಗುಂಡು ಮಾತ್ರ ಹಾರುವುದಿಲ್ಲ. ಮೈಯಲ್ಲಿ ಬೊಂಬೆ ಇಟ್ಟುಕೊಂಡು ನಡೆಯುತ್ತಿದ್ದವರು ನಾವು ಆರು ಜನ: ಉಗ್ರಾಣದವರು, ಇಬ್ಬರು ಗುಮಾಸ್ತರು, ಸಾಹೇಬರ ಡ್ರೈವರು, ಬೆರಳಚ್ಚಿನಾಕೆ ಮತ್ತು ನಾನು.

"ಅಣ್ಣಾ, ಉಗ್ರಾಣದ ಬೀಗ ಆಮೇಲೆ ತೆಗೀರಿ. ಹೀಗೇ ಒಂದ್ಸಲ ನಡೀರಿ," ಎಂದೆ.

"ಬೊಂಬೆ ಇಲ್ದೇನೇ? ಯಾಕೆ?"

"ನಡೀರಿ ಅಂದೆನಲ್ಲ."

ಊಟದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಅವರು ನಡೆದರು. ಕೆಂಪು. ಅವರು ದೀಪ ನೋಡಿದರು, ತಮ್ಮ ಜೇಬು ತಡವಿಕೊಂಡರು, ಆಮೇಲೆ ನನ್ನ ಮುಖ ನೋಡಿದರು. ಇಬ್ಬರಿಗೂ ಒಂದೇ ಹೊತ್ತಿಗೆ ಅರ್ಥವಾಯಿತು.

ತಪ್ಪು ಕಂಪನಿಯದಲ್ಲ, ಯಂತ್ರದ್ದೂ ಅಲ್ಲ, ನನ್ನದು. ಕೆಲವು ವರ್ಷದ ಹಿಂದೆ ಗುತ್ತಿಗೆಯವನೊಬ್ಬ ಬೊಂಬೆಯನ್ನು ಚೀಲದಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಮರೆತುಹೋಗಿದ್ದ. ಬಸ್ಸು ಖಾಲಿಯಾಯಿತು, ಬೀದಿ ಖಾಲಿಯಾಯಿತು, ನಮ್ಮ ಸಾಹೇಬರ ತಲೆಯ ಮೇಲೆ ಉಳಿದಿದ್ದ ನಾಲ್ಕು ಕೂದಲೂ ಖಾಲಿಯಾಯಿತು. ಅವತ್ತೇ ನಾನು ಕೂತು ಕಟ್ಟುನಿಟ್ಟಾದ ನಿಯಮ ಬರೆದೆ. ಬೊಂಬೆಯನ್ನು ಪ್ರಮಾಣವಚನ ತೆಗೆದುಕೊಂಡ ಕಾಯಂ ನೌಕರರಿಗೆ ಮಾತ್ರ ಕೊಡಬೇಕು. ಬೆಳಿಗ್ಗೆ ಸಹಿ ಹಾಕಿ ಪಡೆದರೆ ಸಂಜೆಯವರೆಗೂ ಅದು ಅವರ ಮೈಮೇಲೇ ಇರಬೇಕು, ನಡುವೆ ಅಲ್ಲಿ ಇಲ್ಲಿ ಇಡುವಂತಿಲ್ಲ. ನಿಯಮ ಚೆನ್ನಾಗಿದೆ ಎಂದು ಎಲ್ಲರೂ ಹೊಗಳಿದರು, ನಾನೂ ಉಬ್ಬಿದೆ. ಆ ನಿಯಮದ ಪ್ರಕಾರ ಈ ಮೂರು ತಿಂಗಳೂ ಬೊಂಬೆ ಹೊತ್ತವರು ನಾವು ಆರೇ ಜನ. ಬೊಂಬೆ ಇಲ್ಲದೆ ನಡೆದವರೆಲ್ಲ ದಿನಕ್ಕೊಬ್ಬರಂತೆ ಬದಲಾಗುತ್ತಿದ್ದ ಗುತ್ತಿಗೆಯವರು. ನಾವು ಆರು ಜನ ಒಂದು ಬಾರಿಯೂ ಬರಿಮೈಯಲ್ಲಿ ನಡೆದಿರಲಿಲ್ಲ. ಕಂಪನಿ ಅದಕ್ಕೆ ಕಲಿಸಿದ್ದೂ ಇಲ್ಲೇ, ನಮ್ಮ ಈ ನಡಿಗೆಗಳಿಂದಲೇ. ಯಂತ್ರ ಪಾಪ, ತೋರಿಸಿದ್ದನ್ನು ಕಲಿತಿತ್ತು. ಪಿಸ್ತೂಲನ್ನು ಗುರುತಿಸಲು ಅದಕ್ಕೆ ಬರುತ್ತಿರಲಿಲ್ಲ, ನಮ್ಮನ್ನು ಗುರುತಿಸಲು ಬರುತ್ತಿತ್ತು.

ತಪ್ಪಿದ ಆ ಎರಡು ನಡಿಗೆಗಳೂ ನೆನಪಾದವು. ಎರಡೂ ಒಂದೇ ದಿನದ್ದು, ಎರಡೂ ಉಗ್ರಾಣದವರದು. ಅವತ್ತು ಅವರು ಕಾಲು ಉಳುಕಿ ಕುಂಟುತ್ತಿದ್ದರು. ಬೊಂಬೆ ಸೊಂಟದಲ್ಲೇ ಇತ್ತು, ಬಾಗಿಲು ಹಸಿರು ತೋರಿಸಿತ್ತು. ಕಾಲು ನೋವಿದ್ದವರನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ನಾನೇ ಷರಾ ಬರೆದಿದ್ದೆ. ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಕಂಪನಿಯ ಹುಡುಗಿ ಒಂಬತ್ತೂಕಾಲಿಗೆ ಬಂದಳು. ಯಂತ್ರಕ್ಕೆ ಕಲಿಸಿದವಳು ಅವಳು. ವಯಸ್ಸು ಇಪ್ಪತ್ತಾರೋ ಇಪ್ಪತ್ತೇಳೋ, ಅವತ್ತು ಇಸ್ತ್ರಿ ಮಾಡಿದ ಹೊಸ ಅಂಗಿ ಹಾಕಿಕೊಂಡು ಬಂದಿದ್ದಳು. ಹೇಳಿದೆ. ನಡೆದು ತೋರಿಸಿದೆ. ಅವಳು ಲ್ಯಾಪ್‌ಟಾಪಿನ ಮುಂದೆ ಹತ್ತು ನಿಮಿಷ ಕೂತು ಏನೇನೋ ತಿರುವಿ ಹಾಕಿದಳು. ಮುಖ ಬಿಳಿಚಿಕೊಂಡಿತು.

"ಮೇಡಂ, ಇದು ನಿಜ. ಹೊಸಬರು ಸಿಕ್ಕಿದ್ರೆ ಮತ್ತೆ ಕಲಿಸ್ಬಹುದು. ಎರಡು ತಿಂಗಳು ಕೊಡಿ. ಇವತ್ತಿನದನ್ನ ಮುಂದಕ್ಕೆ ಹಾಕ್ಸಿ, ದಯವಿಟ್ಟು."

"ನಡೀ, ಸಾಹೇಬರಿಗೆ ಹೇಳೋಣ."

ನಮ್ಮ ಸಾಹೇಬರು ಕೆಟ್ಟವರಲ್ಲ. ಕೆಳಗಿನವರ ಮನೆಯ ಕಷ್ಟಸುಖ ವಿಚಾರಿಸುವವರು, ನನ್ನ ಬಾಯಿಯನ್ನು ಹದಿನಾಲ್ಕು ವರ್ಷ ಸಹಿಸಿಕೊಂಡವರು. ಆದರೆ ಅವತ್ತು ಅವರು ಕನ್ನಡಿಯ ಮುಂದೆ ಟೈ ಸರಿಮಾಡಿಕೊಳ್ಳುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿದ ಮೇಲೂ ಅವರ ಕೈ ಟೈ ಬಿಡಲಿಲ್ಲ.

"ಕಾರ್ಯದರ್ಶಿಗಳು ಆಗಲೇ ದಾರೀಲಿದ್ದಾರೆ ಕಣಮ್ಮ. ಒಂಬತ್ತು ಬಂದರುಗಳಿಗೆ ಒಂಬತ್ತು ಬಾಗಿಲು ಅಂತ ಮೇಲೆ ಮಾತು ಕೊಟ್ಟಾಗಿದೆ. ಇವತ್ತು ಸಹಿ ಹಾಕು. ಸೋಮವಾರ ಅಲ್ಲಿ ನಿಲ್ಸೋಣ, ಆಮೇಲೆ ಈ ಹುಡುಗಿ ಹೋಗಿ ಸದ್ದಿಲ್ದೆ ಸರಿ ಮಾಡ್ಲಿ."

"ಸರಿ ಆಗೋವರೆಗೂ ಅದು ಎಲ್ರಿಗೂ ಹಸಿರು ತೋರ್ಸುತ್ತೆ ಸಾರ್. ನಮ್ಮ ಆರು ಜನರನ್ನ ಬಿಟ್ಟು."

"ಈಗ ಕೈಯಲ್ಲಿ ತಡವಿ ನೋಡೋದ್ರಲ್ಲಿ ಎಲ್ಲಾ ಸಿಗ್ತಿದೆಯಾ? ನಿನ್ನ ತಮ್ಮನಿಗೇ ಏನಾಯ್ತು ನೋಡ್ದೆಯಲ್ಲ. ಬಾಗಿಲು ನಿಂತಿದೆ ಅಂದ್ರೆ ಸಾಕು, ಅರ್ಧ ಜನ ಹೆದರ್ತಾರೆ."

ತಮ್ಮನ ಹೆಸರೆತ್ತಿ ನನ್ನ ಬಾಯಿ ಮುಚ್ಚಿಸಿದ್ದರು. ಹೆದರದವನು ಬಂದರೆ ಏನು ಎಂದು ಕೇಳಬೇಕಿತ್ತು. ನಾನು ಅವರ ಕೋಣೆಯ ಬಾಗಿಲು ದಡಾರನೆ ಎಳೆದುಕೊಂಡು ಆಚೆ ಬಂದೆ.

ಹತ್ತೂವರೆಗೆ ಬಂದರಿನ ನೌಕರರ ವ್ಯಾನು ಬಂತು. ಹೊಸ ಬಾಗಿಲು ಮೊದಲು ಹೋಗುವುದು ಅವರಲ್ಲಿಗೇ ಆದ್ದರಿಂದ ಎಂಟು ಮಂದಿಯನ್ನು ಪ್ರದರ್ಶನಕ್ಕೆ ಕರೆಸಿದ್ದರು. ತಮ್ಮ ಎಲ್ಲರಿಗಿಂತ ಮುಂದೆ ಇಳಿದ. ಸಮವಸ್ತ್ರದ ಗುಂಡಿಗಳನ್ನು ಉಜ್ಜಿ ಹೊಳೆಸಿದ್ದ. ಅವನ ಮುಖದಲ್ಲಿ ಅಷ್ಟು ಕಳೆ ಕಂಡು ಎರಡು ವರ್ಷವಾಗಿತ್ತು. ಅವನನ್ನು ಮೆಟ್ಟಿಲ ಕೆಳಗೆ ಎಳೆದುಕೊಂಡು ಹೋಗಿ ಒಂದೇ ಉಸಿರಿಗೆ ಹೇಳಿಬಿಟ್ಟೆ.

"ತಮಾಷೆ ಮಾಡ್ಬೇಡ ಅಕ್ಕ."

"ನನ್ನ ಮುಖ ನೋಡಿದ್ರೆ ತಮಾಷೆ ಥರ ಇದೆಯಾ?"

"ನಿನಗೆ ಚಿಕ್ಕಂದಿನಿಂದ ಇದೇ ಚಟ. ನನ್ನ ಗಾಳಿಪಟ ಹಾರೋ ಮುಂಚೆ ಎಲ್ಲಿ ಹರಿದಿದೆ ಅಂತ ಹುಡುಕ್ತಿದ್ದೆ. ಇನ್ನೂರ ಮೂವತ್ತೆಂಟು ಸಲ ಸರಿ ಹೇಳಿದೆ ಅಂತ ನೀನೇ ಫೋನ್ ಮಾಡಿ ಹೇಳ್ದೆ. ಈಗ ನೀನೇ ಇಲ್ಲ ಅಂತೀಯ. ಯಾವ ಅಕ್ಕನ ಮಾತು ನಂಬ್ಲಿ?"

"ಈಗಿನದು ನಂಬು. ಆವಾಗಿನದು ತಪ್ಪು. ತಪ್ಪು ನಂದೇ."

"ಹಾಗಾದ್ರೆ ಸಹಿ ಹಾಕಲ್ವಾ?"

ಹಾಕುವುದಿಲ್ಲ ಎಂದು ಸಾಹೇಬರಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಬಲ್ಲೆ. ಇವನಿಗೆ ಹೇಳಲು ಆಗಲಿಲ್ಲ. ಅವನು ನನ್ನ ಕೈಯನ್ನು ತೋಳಿನಿಂದ ಬಿಡಿಸಿ, ಅಂಗಿಯ ತೋಳು ಸರಿಮಾಡಿಕೊಂಡು ಮೆಟ್ಟಿಲು ಹತ್ತಿ ಹೋದ.

ಹನ್ನೊಂದಕ್ಕೆ ಕಾರ್ಯದರ್ಶಿ ಬಂದರು. ತೆಳ್ಳಗೆ, ಚುರುಕಾದ ಮನುಷ್ಯ. ಕುರ್ಚಿ ಹಾಕಿದ್ದರೂ ಕೂರಲಿಲ್ಲ. ಸಾಹೇಬರು ಪ್ರದರ್ಶನದ ಪಟ್ಟಿ ಓದಿದರು. ಬೊಂಬೆಯವರು ಮೂವರು, ಗುತ್ತಿಗೆಯವರು ಐವರು. ಒಬ್ಬೊಬ್ಬರೇ ಪರದೆಯ ಹಿಂದೆ ಹೋಗಿ, ಒಂದೇ ಬಣ್ಣದ ಉದ್ದ ಕೋಟು ತೊಟ್ಟು ಬಂದು ಓಣಿಯಲ್ಲಿ ನಡೆದರು. ಹಸಿರು. ಹಸಿರು. ಡ್ರೈವರು ಬಂದ, ಕೆಂಪು. ಬಂದರಿನವರ ಸಾಲಿನಿಂದ "ಆಹಾ" ಎಂಬ ಸದ್ದು ಬಂತು. ಹಸಿರು, ಹಸಿರು. ಬೆರಳಚ್ಚಿನಾಕೆ, ಕೆಂಪು. ಹಸಿರು. ಕೊನೆಗೆ ಗುಮಾಸ್ತರಲ್ಲಿ ಒಬ್ಬರು, ಕೆಂಪು. ಎಂಟಕ್ಕೆ ಎಂಟೂ ಸರಿ. ಚಪ್ಪಾಳೆ ಬಿತ್ತು. ಉಗ್ರಾಣದವರು ಪರದೆಯ ಪಕ್ಕದಲ್ಲಿ ನಿಂತು ತಮ್ಮ ಪಾದ ನೋಡುತ್ತಿದ್ದರು. ಕಂಪನಿಯ ಹುಡುಗಿ ಚಪ್ಪಾಳೆ ತಟ್ಟಲಿಲ್ಲ.

ಸಾಹೇಬರು ಕಡತ ಬಿಚ್ಚಿ ನನ್ನ ಮುಂದಿಟ್ಟು ಪೆನ್ನು ಕೊಟ್ಟರು. ಇನ್ನೂರ ನಲವತ್ತಕ್ಕೆ ಇನ್ನೂರ ಮೂವತ್ತೆಂಟು, ಕೆಳಗೆ ನನ್ನ ಹೆಸರು, ಅದರ ಮೇಲೆ ಒಂದು ಖಾಲಿ ಗೆರೆ. ನಾನು ತಲೆಯೆತ್ತಿದೆ.

"ಸಾರ್, ಇನ್ನೊಬ್ಬರು ನಡೀಬೇಕು," ಎಂದೆ ಕಾರ್ಯದರ್ಶಿಗೆ. "ಈ ಬಾಗಿಲಲ್ಲಿ ಇದುವರೆಗೂ ಕಾಲಿಡದವರು. ಬೊಂಬೆ ಕಾಯಂ ನೌಕರರ ಕೈಗೆ ಮಾತ್ರ ಕೊಡ್ಬೇಕು ಅಂತ ನಿಯಮ ಇದೆ. ಬಂದರಿನವರು ಎಲ್ಲಾ ಕಾಯಂ. ಇವರಲ್ಲಿ ಒಬ್ಬರು ಪರದೆ ಹಿಂದೆ ಹೋಗ್ಲಿ. ಬೊಂಬೆ ತಗೊಳ್ಳೋದು ಬಿಡೋದು ಅವರಿಷ್ಟ. ನಮಗ್ಯಾರಿಗೂ ಗೊತ್ತಾಗ್ಬಾರ್ದು. ಯಂತ್ರ ಹೇಳ್ಲಿ."

"ಪಟ್ಟಿಯಲ್ಲಿ ಇಲ್ಲದ್ದು ಯಾಕಮ್ಮ?" ಎಂದರು ಸಾಹೇಬರು ಹಲ್ಲು ಕಚ್ಚಿಕೊಂಡು.

ಕಾರ್ಯದರ್ಶಿ ಗಡಿಯಾರ ನೋಡಿಕೊಂಡರು. "ಐದು ನಿಮಿಷ. ಆಗ್ಲಿ."

ಬಂದರಿನ ಎಂಟು ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯನೊಬ್ಬ ಅರ್ಧ ಹೆಜ್ಜೆ ಮುಂದಿಟ್ಟ. ಅವನನ್ನು ತೋಳಿನಿಂದ ತಡೆದು ನನ್ನ ತಮ್ಮ ಬಂದ. ನನ್ನನ್ನು ನೋಡದೆಯೇ ಪರದೆಯ ಹಿಂದೆ ಹೋದ. ಉಗ್ರಾಣದವರು ಅವನ ಹಿಂದೆ ಹೋದರು.

ಬೇರೆ ಯಾರಾದರೂ ಆಗಿದ್ದರೆ ಬೊಂಬೆ ತೆಗೆದುಕೊಳ್ಳುವರೋ ಇಲ್ಲವೋ ಎಂದು ಊಹಿಸಬಹುದಿತ್ತು. ಇವನ ವಿಷಯದಲ್ಲಿ ಊಹೆಗೂ ಧೈರ್ಯ ಬರಲಿಲ್ಲ. ಬರಿಗೈಯಲ್ಲಿ ಬಂದರೆ ದೀಪ ಹಸಿರಾಗುತ್ತದೆ, ಅದು ಸರಿಯಾದ ಉತ್ತರ, ನಾನು ಎಲ್ಲರ ಮುಂದೆ ಸಹಿ ಹಾಕಬೇಕು. ಅವನಿಗೆ ಬೇಕಾಗಿದ್ದ ಬಾಗಿಲು ಸೋಮವಾರ ಅವನ ಮುಂದೆ ನಿಲ್ಲುತ್ತದೆ. ಏನೂ ಮಾಡದೆ ಇದ್ದರೆ ಸಾಕಿತ್ತು. ಯಾರೂ ಅವನನ್ನು ದೂರುವಂತಿರಲಿಲ್ಲ, ಅವರಿಷ್ಟ ಎಂದು ಹೇಳಿದವಳು ನಾನೇ.

ಪರದೆ ಸರಿಯಿತು. ಕೋಟು ಅವನಿಗೆ ಸ್ವಲ್ಪ ದೊಡ್ಡದು. ಮುಂದಿನ ಗುಂಡಿಗಳನ್ನೆಲ್ಲ ಹಾಕಿಕೊಂಡಿದ್ದ. ಉಗ್ರಾಣದವರ ಮುಖದಲ್ಲಿ ಏನಾದರೂ ಗೊತ್ತಾಗುತ್ತದೆಯೇ ಎಂದು ನೋಡಿದೆ, ಆ ಪುಣ್ಯಾತ್ಮ ಗೋಡೆಯ ಕಡೆ ತಿರುಗಿಕೊಂಡಿದ್ದರು.

ಅವನು ನಡೆದ. ನಡೆಯಲು ಕಲಿಸುವಾಗ ಅವನ ಎರಡೂ ಕೈ ಹಿಡಿದುಕೊಂಡಿದ್ದವಳು ನಾನು, ಆ ನಡಿಗೆ ನನಗೆ ಕಣ್ಣು ಮುಚ್ಚಿದರೂ ಗೊತ್ತು. ಆದರೂ ಮೈಯಲ್ಲಿ ಬೊಂಬೆ ಇದೆಯೋ ಇಲ್ಲವೋ ನನಗೆ ಹೇಳಲಾಗಲಿಲ್ಲ. ಒಂಬತ್ತು, ಹತ್ತು, ಹನ್ನೊಂದು. ಕಪ್ಪು ಹಾಸಿನ ಮೇಲೆ ಅವನ ಬೂಟಿನ ಸದ್ದು ಬಿಟ್ಟರೆ ಕೋಣೆಯಲ್ಲಿ ಬೇರೆ ಸದ್ದಿರಲಿಲ್ಲ. ಹನ್ನೆರಡನೆಯ ಹೆಜ್ಜೆ.

ಹಸಿರು.

ಸಾಹೇಬರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. "ನೋಡಿ ಸಾರ್, ಏನೂ ಇಲ್ಲದವರನ್ನ ಸುಮ್ಸುಮ್ನೆ ತಡೆಯೋದೂ ಇಲ್ಲ," ಎಂದರು. ಕಾರ್ಯದರ್ಶಿ ತಲೆಯಾಡಿಸಿ ನನ್ನ ಕೈಯ ಪೆನ್ನಿನ ಕಡೆ ನೋಡಿದರು.

ತಮ್ಮ ಓಣಿಯ ಆಚೆ ತುದಿಯಲ್ಲಿ ದೀಪದ ಕೆಳಗೇ ನಿಂತಿದ್ದ. ಎರಡೂ ಕೈ ಕೋಟಿನ ಜೇಬಿನಲ್ಲಿ. ಅವನು ದೀಪ ನೋಡಿದ, ತನ್ನ ಜೊತೆಯ ಏಳು ಮಂದಿಯನ್ನು ನೋಡಿದ. ಅವರೆಲ್ಲ ನಗುತ್ತಿದ್ದರು. ಒಬ್ಬ ಹೆಬ್ಬೆರಳು ಎತ್ತಿ ತೋರಿಸಿದ. ತಮ್ಮನೂ ನಗಲು ಹೋದ, ಆದರೆ ನಗು ಅರ್ಧಕ್ಕೆ ನಿಂತಿತು. ನಾನು ಬಾಯಿ ತೆರೆಯಲಿಲ್ಲ. ತೆರೆಯಬಾರದು ಎಂದು ತುಟಿ ಕಚ್ಚಿ ಹಿಡಿದಿದ್ದೆ. ಎಷ್ಟು ಹೊತ್ತಾಯಿತೋ, ಸಾಹೇಬರು "ಸಹಿ ಹಾಕಮ್ಮ" ಎಂದು ಎರಡು ಸಲ ಹೇಳಿದ್ದು ನೆನಪಿದೆ.

ಅವನು ಕೋಟಿನ ಗುಂಡಿಗಳನ್ನು ಮೇಲಿನಿಂದ ಒಂದೊಂದಾಗಿ ಬಿಚ್ಚಿದ. ಸೊಂಟದಿಂದ ಬೊಂಬೆ ತೆಗೆದು ಕಾರ್ಯದರ್ಶಿಯ ಮುಂದಿನ ಮೇಜಿನ ಮೇಲೆ ಇಟ್ಟ. ಸೀಸದ್ದಲ್ಲವೇ, ಮೆಲ್ಲಗೆ ಇಟ್ಟರೂ ಧಡ್ ಎಂದಿತು. ಆಮೇಲೆ ಎಡ ಜೇಬಿನಿಂದ ಇನ್ನೊಂದು ಬೊಂಬೆ ತೆಗೆದು ಅದರ ಪಕ್ಕದಲ್ಲಿ ಇಟ್ಟ. ಒಂದು ಸಾಲದೆಂದು ಎರಡು ಕೇಳಿ ಪಡೆದಿದ್ದನಂತೆ.

ಹೆಬ್ಬೆರಳು ಎತ್ತಿದ್ದವನ ಕೈ ಇನ್ನೂ ಅಲ್ಲೇ ಇತ್ತು.

"ಸಾರ್, ಅದು ಕಲಿತಿರೋದು ಈ ಆಫೀಸಿನ ಆರು ಜನರನ್ನ ಮಾತ್ರ," ಎಂದಳು ಕಂಪನಿಯ ಹುಡುಗಿ. ತನ್ನ ಕಂಪನಿಯದೇ ಯಂತ್ರ ಎಂದು ನೋಡದೆ ಹೇಳಿದಳು. ಅವಳ ಬಗ್ಗೆ ನನಗೆ ಅಂದಿನಿಂದ ಗೌರವ.

ಕಾರ್ಯದರ್ಶಿ ಎರಡೂ ಬೊಂಬೆಗಳನ್ನು ನೋಡಿದರು. ಚುರುಕಾದ ಮನುಷ್ಯ ಎಂದೆನಲ್ಲ, ಪರಿಹಾರವೂ ಅಷ್ಟೇ ಚುರುಕಾಗಿ ಹೊಳೆಯಿತು. "ಹಾಗಾದ್ರೆ ಏಳನೆಯವರಾಗಿ ಇವರನ್ನೂ ಸೇರ್ಸಿ ಕಲಿಸಿ. ಬಂದರಿನ ಎಂಟು ಜನರನ್ನೂ ಸೇರ್ಸಿ. ಭಾನುವಾರದೊಳಗೆ ಆಗುತ್ತಲ್ಲ?"

ಹುಡುಗಿ ನನ್ನ ಕಡೆ ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ತಮ್ಮ ಮಾತಾಡಿದ.

"ಸಾರ್, ನಮ್ಮನ್ನ ಹಿಡಿಯೋದು ಕಲಿತು ಏನು ಮಾಡೋದು? ಪಿಸ್ತೂಲು ತರೋನು ಮೊದ್ಲೇ ಇಲ್ಲಿಗೆ ಬಂದು ನಲವತ್ತು ಸಲ ನಡೆದು ತೋರ್ಸಿ ಹೋಗಲ್ಲ. ನೇರ ನನ್ನ ಹತ್ರ ಬರ್ತಾನೆ."

ಕಾರ್ಯದರ್ಶಿಯ ಕಿವಿ ಕೆಂಪಾಯಿತು. ಹೆಚ್ಚು ಹೊತ್ತು ನಿಲ್ಲಲಿಲ್ಲ ಅವರು. ನಾನು ಖಾಲಿ ಗೆರೆಯ ಮೇಲೆ 'ಅನುತ್ತೀರ್ಣ, ದೋಷ ಪರೀಕ್ಷೆಯ ನಿಯಮದ್ದು, ನಿಯಮ ನನ್ನದು' ಎಂದು ಬರೆದು ಅದರ ಕೆಳಗೆ ಸಹಿ ಹಾಕಿದೆ. ಸಾಹೇಬರು ಕಡತ ಎತ್ತಿಕೊಂಡು, ನನ್ನನ್ನು ಒಂದು ಮಾತೂ ಬೈಯದೆ ಹೋದರು. ಅದು ಬೈಗುಳಕ್ಕಿಂತ ಕಷ್ಟವಾಗಿತ್ತು.

ವ್ಯಾನಿಗೆ ಇನ್ನೂ ಹತ್ತು ನಿಮಿಷ ಇತ್ತು. ತಮ್ಮ ಹಿಂದಿನ ಅಂಗಳದಲ್ಲಿ, ಗೋಡೆಗೆ ಒರಗಿ ಕುಕ್ಕರುಗಾಲಿನಲ್ಲಿ ಕೂತಿದ್ದ. ಹೋಗಿ ಪಕ್ಕದಲ್ಲಿ ನಾನೂ ಕೂತೆ. ಶಾಭಾಸ್ ಎನ್ನಬೇಕು ಎಂದುಕೊಂಡು ಹೋಗಿದ್ದೆ, ಅವನ ಮುಖ ನೋಡಿ ಬೇರೆ ಮಾತು ತೆಗೆದೆ.

"ಎರಡು ಯಾಕೆ ತಗೊಂಡೆ?" ಎಂದು ಕೇಳಿದೆ.

"ಎರಡಿದ್ರೆ ಹೇಗಾದ್ರೂ ಹಿಡಿಯುತ್ತೆ ಅಂದ್ಕೊಂಡೆ. ನೀನು ಹೇಳಿದ್ದು ಸುಳ್ಳಾಗ್ಲಿ ಅಂತ." ಮೂಗು ಏರಿಸಿಕೊಂಡ. "ಹಸಿರು ಬಂದಾಗ ಸುಮ್ನಿದ್ದುಬಿಡೋಣ ಅನ್ನಿಸ್ತು ಅಕ್ಕ. ಜೇಬಲ್ಲೇ ಇಟ್ಕೊಂಡು ಆಚೆ ನಡೆದುಬಿಡೋಣ ಅಂತ."

"ಹ್ಞೂಂ."

"ನೀನು ಫೋನ್ ಮಾಡಿದ್ಯಲ್ಲ ಹೋದ್ವಾರ, ಪಾಸಾಯ್ತು ಅಂತ." ಅವನು ನೆಲ ನೋಡುತ್ತಲೇ ಹೇಳಿದ. "ಆವತ್ತಿಂದ ಏಳು ರಾತ್ರಿ ನಾನು ಪೂರ್ತಿ ನಿದ್ದೆ ಮಾಡಿದ್ದೀನಿ. ಮಧ್ಯ ಒಂದ್ಸಲಾನೂ ಏಳ್ಲಿಲ್ಲ."

ಅವನ ತಲೆಯನ್ನು ಭುಜಕ್ಕೆ ಎಳೆದುಕೊಳ್ಳಲು ಕೈ ಚಾಚಿದೆ. ಅಂಗಳದಾಚೆ ವ್ಯಾನಿನವನು ಹಾರ್ನ್ ಹೊಡೆದ. ತಮ್ಮ ಎದ್ದು, ಪ್ಯಾಂಟಿನ ಧೂಳು ಕೊಡವಿಕೊಂಡು, ಉಳಿದ ಏಳು ಮಂದಿಯ ಜೊತೆ ವ್ಯಾನು ಹತ್ತಿದ. ಮಧ್ಯಾಹ್ನದ ಹಡಗಿಗೆ ಅವನದೇ ಪಾಳಿ ಇತ್ತು.